ನಿದ್ದೆ ಮೊದಲೋ, ಬೇಸರ ಮೊದಲೋ

1688ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಯೋಹಾನೆಸ್ ಹೋಫರ್ ಎಂಬ 19ರ ಹರೆಯದ ವೈದ್ಯವಿದ್ಯಾರ್ಥಿ ಮನೆಯ ಹಂಬಲವೂ ಒಂದು ಕಾಯಿಲೆಯೆಂದು ವಾದಿಸಿ ಪ್ರಬಂಧ ಬರೆದ. ಅವನು ವಿವರಿಸಿದ ರೋಗಿಗಳಲ್ಲಿ ಒಬ್ಬ ಬರ್ನ್‌ನಿಂದ ಬಾಸೆಲ್‌ಗೆ ಓದಲು ಬಂದವನು. ದೂರವೇನೂ ಮಹಾ ಅಲ್ಲ, ಹೆಚ್ಚುಕಡಿಮೆ ಹಾಸನದಿಂದ ಮೈಸೂರಿಗೆ ಬಂದಂತೆ. ಆದರೂ ಹುಡುಗ ಸೊರಗಿದ, ಜ್ವರ ಹಿಡಿಯಿತು, ಉಳಿಯುವುದಿಲ್ಲವೆಂದು ಜನ ಕೈಚೆಲ್ಲಿದರು. ಊರಿಗೆ ಕರೆದೊಯ್ಯುವ ಸಿದ್ಧತೆ ಶುರುವಾಗಿದ್ದೇ ತಡ, ಉಸಿರಾಟ ಹಗುರಾಯಿತು. ಮನೆ ಮುಟ್ಟುವ ಮೊದಲೇ ಚೇತರಿಸಿಕೊಂಡ. ಹೋಫರ್ ಪಟ್ಟಿ ಮಾಡಿದ ಲಕ್ಷಣಗಳಲ್ಲಿ ಬಿಡದ ದುಃಖದ ಜತೆಗೆ ಕೆಟ್ಟ ನಿದ್ದೆಯೂ ಇದೆ. ಆದರೆ ನಿದ್ದೆಗೆ ಅಲ್ಲಿ ಸಿಕ್ಕಿದ್ದು ಬಾಲಂಗೋಚಿಯ ಸ್ಥಾನ. ಮನಸ್ಸು ಕೆಟ್ಟಿತು, ಅದಕ್ಕೇ ನಿದ್ದೆ ಹೋಯಿತು ಎಂಬುದು ಲೆಕ್ಕ. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎನ್ನುವ ನಮ್ಮ ಗಾದೆಯ ಲೆಕ್ಕವೂ ಅದೇ. ಇದನ್ನು ಗಟ್ಟಿಯಾಗಿ ಪ್ರಶ್ನಿಸಲು ವೈದ್ಯಲೋಕ ಮುನ್ನೂರು ವರ್ಷ ತೆಗೆದುಕೊಂಡಿತು.

ಆಮೇಲೆ ಬಹುಕಾಲ ವೈದ್ಯರು ಮನೆಯ ಹಂಬಲದ ಈ ಕಾಯಿಲೆಯನ್ನು ಕಂಡದ್ದು ಹೆಚ್ಚಾಗಿ ಸೈನಿಕರಲ್ಲಿ. ವಿದ್ಯಾರ್ಥಿಗಳ ಮನಸ್ಸಿಗೆಂದೇ ಕಾಲೇಜಿನೊಳಗೆ ವೈದ್ಯಕೀಯ ನೆರವು ಬಂದದ್ದು 1910ರಲ್ಲಿ, ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ. 1967ರಲ್ಲಿ ಥಾಮಸ್ ಹೋಮ್ಸ್ ಮತ್ತು ರಿಚರ್ಡ್ ರಾಹೆ ಎಂಬ ಮನೋವೈದ್ಯರು ಬದುಕಿನ 43 ಬದಲಾವಣೆಗಳಿಗೆ, ಅವು ಹೇರುವ ಹೊರೆಗೆ ತಕ್ಕಂತೆ ಅಂಕ ಕೊಟ್ಟರು. ಸಂಗಾತಿಯ ಸಾವಿಗೆ 100, ಮದುವೆಗೆ 50. ಪಿಯುಸಿ ಮುಗಿಸಿ ಬೇರೆ ಊರಿನ ಕಾಲೇಜು ಸೇರಿದ ಹುಡುಗಿಗೆ ಅದನ್ನೇ ಹಚ್ಚಿ ನೋಡಿ: ಹೊಸ ಓದಿನ ಆರಂಭ 26, ಜೀವನ ಸ್ಥಿತಿಯ ಬದಲಾವಣೆ 25, ವಾಸದ ಬದಲಾವಣೆ 20, ಕಾಲೇಜಿನ ಬದಲಾವಣೆ 20, ಮನರಂಜನೆ 19, ಒಡನಾಟ 18, ನಿದ್ದೆ 16, ಊಟ 15. ಒಟ್ಟು 159. ಅವರ ಪ್ರಕಾರ 150 ದಾಟಿದರೆ ಎಚ್ಚರಿಕೆ ಬೇಕು. ಇಷ್ಟಪಟ್ಟು ಬಂದ ಬದಲಾವಣೆಯೂ ಹೊರೆಯೇ ಎಂದದ್ದು ಈ ಪಟ್ಟಿಯ ಹೆಚ್ಚುಗಾರಿಕೆ. ಆದರೆ ಉಳಿದ ಏಳನ್ನೂ ತಾಳಿಕೊಳ್ಳಲು ಬೇಕಾದ ನಿದ್ದೆಯನ್ನು ಎಂಟರಲ್ಲಿ ಒಂದಾಗಿ ಎಣಿಸಿದ್ದು ಅದರ ಕೊರತೆ ಎಂದು ನನ್ನ ಎಣಿಕೆ.

1987ರಲ್ಲಿ ಶರ್ಲಿ ಫಿಶರ್ ಮತ್ತು ಬ್ರೂಸ್ ಹುಡ್ ಬ್ರಿಟನ್ನಿನ ಹೊಸ ವಿದ್ಯಾರ್ಥಿಗಳನ್ನು ಕಾಲೇಜು ಸೇರುವ ಮುನ್ನವೂ ಸೇರಿದ ಮೇಲೂ ಪರೀಕ್ಷಿಸಿದರು. ಹಾಸ್ಟೆಲ್ ಸೇರಿದವರಲ್ಲಿ ಮನಸ್ಸಿನ ತಳಮಳ, ಮರೆವು ಹೆಚ್ಚಿದ್ದು ಆಶ್ಚರ್ಯವಲ್ಲ. ಮನೆಯಿಂದಲೇ ಓಡಾಡುತ್ತಿದ್ದವರಲ್ಲೂ ಅದು ಹೆಚ್ಚಿತ್ತು. ಹಾಗಾದರೆ ಕಾಡುವುದು ಊರಿನ ದೂರವೊಂದೇ ಅಲ್ಲ. ಹುಡುಗನನ್ನು ಮನೆಗೆ ಕಳಿಸಿದರೆ ಸಾಕೆಂಬ ಹೋಫರನ ಮದ್ದು ಇಲ್ಲಿಗೆ ಸಾಲದಾಯಿತು.

ನಿದ್ದೆಯ ವಿಜ್ಞಾನ ಇದರ ಪಕ್ಕದಲ್ಲೇ, ಬೇರೆ ದಾರಿಯಲ್ಲಿ ನಡೆಯುತ್ತಿತ್ತು. ನಡೆದದ್ದೂ ವಿದ್ಯಾರ್ಥಿಗಳ ಮೈಮೇಲೆಯೇ. ಪ್ರಾಧ್ಯಾಪಕರ ಕೈಗೆ ಸುಲಭವಾಗಿ ಸಿಗುವವರು ಅವರೇ ತಾನೆ! 1938ರಲ್ಲಿ ಷಿಕಾಗೋದ ನಥಾನಿಯಲ್ ಕ್ಲೈಟ್‌ಮನ್ ತನ್ನ ವಿದ್ಯಾರ್ಥಿ ಬ್ರೂಸ್ ರಿಚರ್ಡ್‌ಸನ್ ಜತೆ ಕೆಂಟಕಿಯ ಮ್ಯಾಮತ್ ಗುಹೆಯಲ್ಲಿ 32 ದಿನ ಇದ್ದು, 28 ಗಂಟೆಯ ದಿನಚರಿ ರೂಢಿಸಿಕೊಳ್ಳಲು ನೋಡಿದ. ಶಿಷ್ಯ ಒಗ್ಗಿದ, ಗುರುವಿಗೆ ಆಗಲಿಲ್ಲ. 1960ರ ದಶಕದಲ್ಲಿ ಜರ್ಮನಿಯ ಯುರ್ಗೆನ್ ಆಶೋಫ್ ಗಡಿಯಾರವಿಲ್ಲದ, ಬಿಸಿಲು ಕಾಣದ ನೆಲಮಾಳಿಗೆಯಲ್ಲಿ ಜನರನ್ನು ವಾರಗಟ್ಟಲೆ ಇರಿಸಿ, ದೇಹ ತನ್ನದೇ ದಿನದ ಲೆಕ್ಕ ಇಟ್ಟುಕೊಂಡಿರುತ್ತದೆಂದು ತೋರಿಸಿದ. ಹರೆಯದಲ್ಲಿ ಈ ಒಳಗಡಿಯಾರ ತಡವಾಗಿ ಓಡುತ್ತದೆ ಎಂಬುದನ್ನು ಮೇರಿ ಕಾರ್ಸ್‌ಕಡನ್ ಅಮೆರಿಕದಲ್ಲಿ ದಶಕಗಳ ಕಾಲ ಅಧ್ಯಯನ ಮಾಡಿದರು. ರಾತ್ರಿ ಒಂದಕ್ಕೂ ಕಣ್ಣುಮುಚ್ಚದ ಹುಡುಗ ಸೋಮಾರಿಯಲ್ಲ. ಅವನನ್ನು ಬೆಳಗ್ಗೆ ಏಳೂವರೆಯ ಕ್ಲಾಸಿಗೆ ಎಬ್ಬಿಸುವ ವೇಳಾಪಟ್ಟಿಯನ್ನೂ ಪ್ರಶ್ನಿಸಬೇಕು.

ಎರಡು ದಾರಿಗಳು ಕೂಡಿದ್ದು 1989ರ ಸುಮಾರಿಗೆ. ಡೇನಿಯಲ್ ಫೋರ್ಡ್ ಮತ್ತು ಡಗ್ಲಸ್ ಕ್ಯಾಮರೋ ಅಮೆರಿಕದ 7,954 ಮಂದಿಯ ಮಾಹಿತಿ ಬಳಸಿ ಒಂದು ವರ್ಷದ ಅಂತರದಲ್ಲಿ ಏನಾಯಿತೆಂದು ನೋಡಿದರು. ನಿದ್ರಾಹೀನತೆ ವರ್ಷವಿಡೀ ಉಳಿದವರಲ್ಲಿ ಹೊಸದಾಗಿ ಖಿನ್ನತೆ ಕಾಣಿಸಿಕೊಳ್ಳುವ ಸಂಭವ ಬಹಳ ಹೆಚ್ಚಿತ್ತು. ನಡುವೆ ನಿದ್ದೆ ಸರಿಹೋದವರಲ್ಲಿ ಹಾಗಿರಲಿಲ್ಲ. 1997ರಲ್ಲಿ ಜಾನ್ಸ್ ಹಾಪ್‌ಕಿನ್ಸ್‌ನಿಂದ ಇನ್ನೂ ಬಲವಾದ ಸಾಕ್ಷ್ಯ ಬಂತು. ಅಲ್ಲಿ 1948ರಿಂದ 1964ರವರೆಗಿನ ತಂಡಗಳಲ್ಲಿ ವೈದ್ಯಕೀಯ ಓದಿದ 1,053 ಗಂಡಸರನ್ನು ಸರಾಸರಿ ಮೂರು ದಶಕ ಮೀರಿ ಗಮನಿಸಲಾಗಿತ್ತು. ಕಾಲೇಜಿನಲ್ಲೇ ನಿದ್ದೆಯಿಲ್ಲವೆಂದವರಿಗೆ ಮುಂದೆ ಖಿನ್ನತೆ ಬರುವ ಸಾಧ್ಯತೆ ಉಳಿದವರ ಎರಡು ಪಟ್ಟು. ಹೆಣ್ಣುಮಕ್ಕಳಿಲ್ಲದ, ಒಂದೇ ಕಾಲೇಜಿನ ಲೆಕ್ಕವೆಂಬ ಆಕ್ಷೇಪ ಸರಿಯೇ. ಆದರೆ ಅಷ್ಟು ದೀರ್ಘಕಾಲ ಒಂದೇ ಗುಂಪಿನ ಬೆನ್ನುಹತ್ತಿದ ಅಧ್ಯಯನವನ್ನು ತಳ್ಳಿಹಾಕುವುದು ಸುಲಭವಲ್ಲ.

ನಡುವೆ ಒಂದು ವಿಚಿತ್ರವೂ ಇದೆ. 1971ರಲ್ಲಿ ಜರ್ಮನಿಯ ಫ್ಲೂಗ್ ಮತ್ತು ಟೊಲ್ಲೆ ಖಿನ್ನತೆಯ ರೋಗಿಗಳನ್ನು ಒಂದು ರಾತ್ರಿ ಪೂರ್ತಿ ಎಚ್ಚರವಿರಿಸಿದಾಗ ಹಲವರ ಮನಸ್ಸು ಬೆಳಗಾಗುವಷ್ಟರಲ್ಲಿ ಹಗುರಾದದ್ದನ್ನು ವರದಿ ಮಾಡಿದರು. ಮತ್ತೆ ಮಲಗಿ ಎದ್ದರೆ ಹೆಚ್ಚಿನವರಿಗೆ ಮಂಕು ವಾಪಸ್! ಪರೀಕ್ಷೆಯ ಹಿಂದಿನ ದಿನ ನೈಟ್‌ಔಟ್ ಮಾಡಿದವರು ಇದನ್ನು ಓದಿ ಹಿಗ್ಗಬೇಕಿಲ್ಲ. 2007ರಲ್ಲಿ ಮ್ಯಾಥ್ಯೂ ವಾಕರ್ ತಂಡ ಆರೋಗ್ಯವಂತ ಯುವಜನರನ್ನು ಸುಮಾರು 35 ಗಂಟೆ ಎಚ್ಚರವಿರಿಸಿ ಕೆಟ್ಟ ಚಿತ್ರಗಳನ್ನು ತೋರಿಸಿದಾಗ, ಮಿದುಳಿನಲ್ಲಿ ಭಯ ಗುರುತಿಸುವ ಅಮಿಗ್ಡಲಾ ಭಾಗ ನಿದ್ದೆ ಮಾಡಿದವರಿಗಿಂತ ಶೇ. 60ರಷ್ಟು ಹೆಚ್ಚು ಕೆರಳಿತ್ತು.

ಇಷ್ಟರ ಮೇಲೆ ಚಿಕಿತ್ಸೆಯೂ ಬದಲಾಯಿತು. ಆರ್ಥರ್ ಸ್ಪೀಲ್‌ಮನ್ 1987ರಲ್ಲಿ ಹೇಳಿದ್ದು ಸರಳ: ನಿದ್ದೆ ಕೆಡಲು ಹುಟ್ಟಿನಿಂದ ಬಂದ ಒಲವು ಬೇರೆ, ಕೆಡಿಸಿದ ಘಟನೆ ಬೇರೆ, ಕೆಟ್ಟದ್ದನ್ನು ಹಾಗೇ ಉಳಿಸುವ ಅಭ್ಯಾಸ ಬೇರೆ. ಊರು ಬಿಟ್ಟದ್ದು ಘಟನೆ. ರಾತ್ರಿಯ ಸಾಲ ತೀರಿಸಲು ಮಧ್ಯಾಹ್ನ ಮೂರು ಗಂಟೆ ಮಲಗುವುದು, ಸಂಜೆ ಏಳಕ್ಕೆ ಸ್ಟ್ರಾಂಗ್ ಕಾಫಿ, ನಿದ್ದೆ ಬರದೆ ಹೊರಳುತ್ತ ಮೊಬೈಲ್ ನೋಡುವುದು ಅಭ್ಯಾಸ. ಘಟನೆ ಹಳತಾದರೂ ನಿದ್ದೆ ಬಾರದಿರುವುದು ಇದರಿಂದ. ಹಾಸಿಗೆ ನಿದ್ದೆಗೆ ಮಾತ್ರ, ನಿದ್ದೆ ಬಾರದಿದ್ದರೆ ಎದ್ದು ಹೊರಗೆ ಹೋಗಿ ಎಂಬ ಕ್ರಮವನ್ನು ರಿಚರ್ಡ್ ಬೂಟ್‌ಜಿನ್ 1972ರಲ್ಲೇ ಕೊಟ್ಟಿದ್ದ. ಆದರೆ ಮಂಚವೇ ಓದುವ ಮೇಜು, ಊಟದ ಮಣೆ, ಸಿನಿಮಾ ಟಾಕೀಸು ಎಲ್ಲವೂ ಆಗಿರುವ ಮೂವರ ಪಿಜಿ ಕೋಣೆಯಲ್ಲಿ ರಾತ್ರಿ ಎರಡಕ್ಕೆ ಎದ್ದು ಹೋಗುವುದಾದರೂ ಎಲ್ಲಿಗೆ? ಒಬ್ಬನಿಗೊಂದು ಕೋಣೆ ಇರುವ ದೇಶದಲ್ಲಿ ಹುಟ್ಟಿದ ಸಲಹೆ ಇದು. ನಮ್ಮಲ್ಲಿ ಕನಿಷ್ಠ ಒಂದು ಕುರ್ಚಿ, ವರಾಂಡದಲ್ಲೊಂದು ಬೆಂಚು ಬೇಕು.

2017ರಲ್ಲಿ ಆಕ್ಸ್‌ಫರ್ಡಿನ ಡೇನಿಯಲ್ ಫ್ರೀಮನ್ ತಂಡ ಬ್ರಿಟನ್ನಿನ 26 ವಿಶ್ವವಿದ್ಯಾಲಯಗಳ ನಿದ್ದೆಗೆಟ್ಟ 3,755 ವಿದ್ಯಾರ್ಥಿಗಳ ಮೇಲೆ ಇಂಥ ಚಿಕಿತ್ಸೆಯನ್ನು ಇಂಟರ್‌ನೆಟ್ ಮೂಲಕ ಪ್ರಯೋಗಿಸಿತು. ನಿದ್ದೆ ಸುಧಾರಿಸಿತು, ಅದರ ಜತೆ ಖಿನ್ನತೆ, ಆತಂಕ, ಅನುಮಾನದ ಯೋಚನೆಗಳೂ ಒಂದಿಷ್ಟು ತಗ್ಗಿದವು. ನಡುವೆ ಕೈಬಿಟ್ಟವರೂ ಬಹಳ. ಇಂಟರ್‌ನೆಟ್ ಚಿಕಿತ್ಸೆಯ ಹಣೆಬರಹವೇ ಅದು. ಅಷ್ಟರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿ 2013ರಲ್ಲಿ ನಿದ್ರಾಹೀನತೆಯನ್ನು ಬೇರೆ ಕಾಯಿಲೆಯ ನೆರಳೆಂದು ನೋಡುವುದನ್ನು ಬಿಟ್ಟಿತ್ತು. 2016ರಲ್ಲಿ ಅಲ್ಲಿನ ವೈದ್ಯರ ಸಂಘಟನೆಯೊಂದು ದೀರ್ಘಕಾಲದ ನಿದ್ರಾಹೀನತೆಗೆ ಮಾತ್ರೆಗಿಂತ ಮೊದಲು ಅಭ್ಯಾಸ ತಿದ್ದುವ ಚಿಕಿತ್ಸೆ ಕೊಡಿ ಎಂದಿತು.

ಕನ್ನಡಕ್ಕೆ ಮನಸ್ಸಿನ ಕಾಯಿಲೆಯ ಮಾತು ಹೊಸದಲ್ಲ. ‘ಕೊರವಂಜಿ’ ಹಾಸ್ಯಪತ್ರಿಕೆಯ ಡಾ. ಎಂ. ಶಿವರಾಂ ಅವರ ‘ಮನಮಂಥನ’ಕ್ಕೆ 1976ರಲ್ಲೇ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತ್ತು. ಆದರೆ ವಿದ್ಯಾರ್ಥಿಗೆ ನಾಯಿನಿದ್ದೆಯೇ ಲಕ್ಷಣವೆಂದ ಸುಭಾಷಿತವನ್ನು ನಾವು ಇಂದಿಗೂ ಹೆಮ್ಮೆಯಿಂದ ಹೇಳಿಕೊಡುತ್ತೇವೆ. ಅಪ್ಪನಿಗೆ ಫೋನಿನಲ್ಲಿ ‘ಮನಸ್ಸು ಸರಿಯಿಲ್ಲ’ ಎನ್ನಲು ಹಿಂಜರಿಯುವ ಹುಡುಗ ‘ನಿದ್ದೆ ಬರ್ತಿಲ್ಲಪ್ಪ’ ಎಂದು ಹೇಳಿಯಾನು. ಕೌನ್ಸೆಲರುಗಳು, ವಾರ್ಡನ್‌ಗಳು ಆ ಮಾತಿನಿಂದಲೇ ಶುರುಮಾಡಬಹುದು.

ಅಮೆರಿಕದ ಮನೋವೈದ್ಯರ ಆ ಕೈಪಿಡಿಯ ಪ್ರಕಾರ ವಾರಕ್ಕೆ ಮೂರು ರಾತ್ರಿಯಂತೆ ಮೂರು ತಿಂಗಳು ನಿದ್ದೆ ಕೆಟ್ಟರೆ ಮಾತ್ರ ಅದು ನಿದ್ರಾಹೀನತೆಯ ಕಾಯಿಲೆ. ಜುಲೈ, ಆಗಸ್ಟಿನಲ್ಲಿ ಕಾಲೇಜು ಸೇರಿದವರಿಗೆ ಅಷ್ಟು ಹೊತ್ತಿಗೆ ಸೆಮಿಸ್ಟರ್ ಪರೀಕ್ಷೆಯೇ ಹತ್ತಿರ ಬಂದಿರುತ್ತದೆ. ಅಲ್ಲಿಯವರೆಗೆ ಕಾಯಬೇಕಿಲ್ಲ: ಬೇಸರ ಎರಡು ವಾರ ಬಿಡದೆ ಕಾಡಿದರೆ ವೈದ್ಯರನ್ನು ಕಾಣಬಹುದು. ಬದುಕೇ ಬೇಡವೆನ್ನಿಸಿದರೆ ಆ ರಾತ್ರಿಯೇ 14416ಕ್ಕೆ ಫೋನ್ ಮಾಡಬೇಕು. 2022ರ ಅಕ್ಟೋಬರಿನಲ್ಲಿ ಶುರುವಾದ ಈ ಟೆಲಿ-ಮಾನಸ್ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಕೇಂದ್ರಸ್ಥಾನ. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೂ ಮಾತಾಡಬಹುದು.