ಗಾಳಿಯ ಸುದ್ದಿ: ಚಂಡಮಾರುತ ಮುನ್ಸೂಚನೆಯ ಚರಿತ್ರೆಯಲ್ಲಿ ಸಂಕೇತ ಮತ್ತು ಸಮುದಾಯ

ಚಂಡಮಾರುತಗಳನ್ನು ಕುರಿತು ಕನ್ನಡದಲ್ಲಿ ಬಂದಿರುವ ಬರವಣಿಗೆ ಬಹುಪಾಲು ಎರಡು ಬಗೆಯದು. ಒಂದು ಹವಾಮಾನ ವಿಜ್ಞಾನದ ಸಾಧನೆಗಳ ನಿರೂಪಣೆ, ಇನ್ನೊಂದು ಸಾವುನೋವುಗಳ ಲೆಕ್ಕ. ಬರಲಿರುವ ಗಾಳಿಯ ಸುದ್ದಿಯನ್ನು ಯಾರು, ಯಾರಿಗೆ, ಯಾವ ಭಾಷೆಯಲ್ಲಿ ಹೇಳಿದರು, ಕೇಳಿದವರು ಅದನ್ನು ನಂಬಿ ಮನೆ ಬಿಟ್ಟರೇ ಎಂಬ ಪ್ರಶ್ನೆ ಇವೆರಡರ ನಡುವೆ ಉಳಿದುಹೋಗುತ್ತದೆ. ಜಾನಪದ ಅಧ್ಯಯನದ ದೃಷ್ಟಿಯಿಂದ ಮುಖ್ಯವಾಗುವುದು ಈ ಪ್ರಶ್ನೆಯೇ.

'ಸೈಕ್ಲೋನ್' ಎಂಬ ಪದ ರೂಪುಗೊಂಡದ್ದು ಕಲ್ಕತ್ತೆಯಲ್ಲಿ. ಹಿಂದೆ ಹಡಗಿನ ಕಪ್ತಾನನಾಗಿದ್ದ ಹೆನ್ರಿ ಪಿಡಿಂಗ್ಟನ್ 1839ರಿಂದ ಬಂಗಾಳ ಕೊಲ್ಲಿಯ ಬಿರುಗಾಳಿಗಳನ್ನು ಕುರಿತು ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಸಾಲುಸಾಲಾಗಿ ಪ್ರಬಂಧಗಳನ್ನು ಬರೆದನು. 1848ರಲ್ಲಿ ನಾವಿಕರಿಗಾಗಿ ಪ್ರಕಟಿಸಿದ ಕೈಪಿಡಿಯಲ್ಲಿ, ಹಾವಿನ ಸುರುಳಿಯನ್ನು ನೆನಪಿಸುವ ಗ್ರೀಕ್ ಮೂಲದ ಈ ಪದವನ್ನು ಸೂಚಿಸಿದನು. ಅವನ ಬಳಿ ಉಪಗ್ರಹವಿರಲಿಲ್ಲ, ತಂತಿಯೂ ಇರಲಿಲ್ಲ. ಇದ್ದುದು ಬಿರುಗಾಳಿಗೆ ಸಿಕ್ಕಿ ಬದುಕಿ ಬಂದ ಹಡಗುಗಳ ದಿನಚರಿ ಪುಸ್ತಕಗಳು. ಯಾವ ಗಂಟೆಯಲ್ಲಿ ಗಾಳಿ ಯಾವ ದಿಕ್ಕಿನಿಂದ ಬೀಸಿತು, ವಾಯುಭಾರಮಾಪಕ ಎಷ್ಟು ಇಳಿಯಿತು ಎಂಬ ನಾವಿಕರ ಸಾಕ್ಷ್ಯಗಳನ್ನು ಒಂದರ ಪಕ್ಕದಲ್ಲಿ ಒಂದನ್ನಿಟ್ಟು ಅವನು ಸುಳಿಯ ಹಾದಿಯನ್ನು ಗುರುತಿಸಿದನು. ಉತ್ತರಾರ್ಧಗೋಳದಲ್ಲಿ ಗಾಳಿಗೆ ಮುಖಮಾಡಿ ನಿಂತವನ ಬಲಗಡೆಗೆ ಸುಳಿಯ ಕೇಂದ್ರವಿರುತ್ತದೆ ಎಂಬ ತಿಳಿವಳಿಕೆಯನ್ನು ಓದುಬರಹ ಹೆಚ್ಚು ಬಾರದ ನಾವಿಕನೂ ಬಳಸಬಹುದಿತ್ತು. ಶಾಸ್ತ್ರವೆಂದು ಇಂದು ಕರೆಯುವ ಈ ಜ್ಞಾನದ ಬುಡದಲ್ಲಿ ಕಸುಬಿನವರ ಅನುಭವವಿದೆ ಎಂಬುದನ್ನು ಅಲ್ಲಗಳೆಯಲಾಗದು.

ಪಿಡಿಂಗ್ಟನ್ನನ ಮಾತನ್ನು ಆಡಳಿತ ಎಷ್ಟು ಕೇಳಿತು ಎಂಬುದಕ್ಕೆ ಒಂದು ನಿದರ್ಶನವಿದೆ. ಹೂಗ್ಲಿಗೆ ಪರ್ಯಾಯವಾಗಿ ಮಾತ್ಲಾ ನದಿಯ ಮೇಲೆ ಬಂದರು ಕಟ್ಟುವ ಯೋಜನೆ ಸಿದ್ಧವಾದಾಗ, ಅಲ್ಲಿ ಕಡಲು ಉಕ್ಕಿ ಎಲ್ಲವನ್ನೂ ಕೊಚ್ಚಿಕೊಂಡು ಹೋದೀತೆಂದು ಅವನು 1853ರಲ್ಲಿ ಗವರ್ನರ್ ಜನರಲ್‌ಗೆ ಬಹಿರಂಗ ಪತ್ರ ಬರೆದು ಎಚ್ಚರಿಸಿದನು. ಬಂದರು ಎದ್ದು ನಿಂತಿತು, ಕ್ಯಾನಿಂಗ್ ಎಂಬ ಹೆಸರನ್ನೂ ಪಡೆಯಿತು. 1867ರ ಬಿರುಗಾಳಿ ಅದನ್ನು ಹಾಳುಗೆಡವಿತು. ಪಿಡಿಂಗ್ಟನ್ 1858ರಲ್ಲಿಯೇ ತೀರಿಕೊಂಡಿದ್ದನು.

ಅಷ್ಟರೊಳಗೆ 1864ರ ಅಕ್ಟೋಬರ್ 5ರಂದು ಕಲ್ಕತ್ತೆಯಲ್ಲಿ ಸುಮಾರು 60,000 ಜನ, ಮರುತಿಂಗಳು ಮಚಲೀಪಟ್ಟಣದಲ್ಲಿ ಸುಮಾರು 30,000 ಜನ ಮಡಿದಿದ್ದರು. ಇದಾದ ಬಳಿಕ, 1865ರಲ್ಲಿ, ಕಲ್ಕತ್ತೆಯ ಬಂದರಿಗೆ ಮುನ್ನೆಚ್ಚರಿಕೆ ನೀಡುವ ಏರ್ಪಾಡು ಆರಂಭವಾಯಿತು. ಭಾರತೀಯ ಹವಾಮಾನ ಇಲಾಖೆ ಸ್ಥಾಪನೆಯಾದದ್ದು 1875ರಲ್ಲಿ. ಎಂದರೆ ಇಲಾಖೆಗಿಂತ ಎಚ್ಚರಿಕೆಯೇ ಹತ್ತು ವರ್ಷ ಹಿರಿಯದು. ಮುಂದೆ ಎಲ್ಲ ಬಂದರುಗಳಿಗೂ ಈ ವ್ಯವಸ್ಥೆ ವಿಸ್ತರಿಸಿತು. ಹಗಲಿನಲ್ಲಿ ಕಂಬಕ್ಕೆ ಏರಿಸುವ ಶಂಕು ಮತ್ತು ಪೀಪಾಯಿ ಆಕಾರಗಳು, ರಾತ್ರಿ ಕೆಂಪು ಬಿಳಿ ದೀಪಗಳು, ಹೀಗೆ ಹನ್ನೊಂದು ಸಂಕೇತಗಳ ಪದ್ಧತಿ ನೆಲೆಗೊಂಡಿತು. ಮೊದಲೆರಡು ದೂರದ ಗಾಳಿಯನ್ನು ಕುರಿತವು, ಮೂರು ಮತ್ತು ನಾಲ್ಕು ಬಂದರಿಗೇ ಸಂಬಂಧಿಸಿದವು, ಐದರಿಂದ ಏಳು ಅಪಾಯ, ಎಂಟರಿಂದ ಹತ್ತು ಮಹಾ ಅಪಾಯ. ಹನ್ನೊಂದನೆಯದು ವಿಚಿತ್ರವಾದುದು: ಎಚ್ಚರಿಕೆ ಕೇಂದ್ರದೊಡನೆ ಸಂಪರ್ಕವೇ ಕಡಿದುಹೋಗಿದೆ ಎಂದು ಅದು ತಿಳಿಸುತ್ತದೆ. ಸುದ್ದಿ ಬಾರದಿರುವುದನ್ನೂ ಸುದ್ದಿಯಾಗಿಸಿದ ಈ ಸಂಕೇತದ ಹಿಂದೆ ತಂತಿ ಕಂಬಗಳೆಲ್ಲ ಉರುಳಿದ ರಾತ್ರಿಗಳ ನೆನಪಿದೆ.

ಆದರೆ ಈ ಭಾಷೆಯನ್ನು ರೂಪಿಸಿದ್ದು ಹಡಗುಗಳಿಗಾಗಿ. ಬಂದರಿನಿಂದ ಹತ್ತು ಮೈಲಿ ಆಚೆಯ ಉಪ್ಪಿನ ಗದ್ದೆಯ ಕೂಲಿಗೆ, ಗುಡಿಸಲಿನ ಬೆಸ್ತನಿಗೆ ಕಂಬ ಕಾಣುತ್ತಿರಲಿಲ್ಲ, ಕಂಡರೂ ಅದರ ಅರ್ಥ ತಿಳಿಯುತ್ತಿರಲಿಲ್ಲ. 1970ರ ನವೆಂಬರ್ 12ರಂದು ಅಂದಿನ ಪೂರ್ವ ಪಾಕಿಸ್ತಾನದ ಭೋಲಾ ದ್ವೀಪದ ಸುತ್ತ ಕನಿಷ್ಠ ಮೂರು ಲಕ್ಷ ಜನ ಸತ್ತರು. ಗಾಳಿ ಬರುವ ಸುದ್ದಿ ಅವರಲ್ಲಿ ಬಹಳ ಮಂದಿಗೆ ಮುಟ್ಟಿತ್ತು. ಎಷ್ಟು ದೊಡ್ಡ ಗಾಳಿ, ಎಲ್ಲಿಗೆ ಹೋಗಬೇಕು ಎಂಬುದು ಮುಟ್ಟಿರಲಿಲ್ಲ, ಹೋಗಲು ಎತ್ತರದ ಜಾಗವೂ ಇರಲಿಲ್ಲ. 1977ರ ನವೆಂಬರ್ 19ರಂದು ಆಂಧ್ರದ ದಿವಿಸೀಮೆಯಲ್ಲಿ ಸುಮಾರು 10,000 ಜನ ನೀರುಪಾಲಾದರು. ಇಂತಹ ಕಡಲುಕ್ಕನ್ನು ಹೆಸರಿಸಲು ತೆಲುಗಿನಲ್ಲಿ 'ಉಪ್ಪೆನ' ಎಂಬ ಬಳಕೆಯ ಮಾತಿದೆ. ಕನ್ನಡ ಕರಾವಳಿಯ ಮಾತಿನಲ್ಲಿ ನೆಲೆಯೂರಿರುವುದು 'ಕಡಲ್ಕೊರೆತ', ಎಂದರೆ ದಡವನ್ನು ವರ್ಷ ವರ್ಷ ತಿನ್ನುವ ಕಡಲು. ಎರಡು ತೀರಗಳ ಅನುಭವದ ಅಂತರ ಈ ಎರಡು ಪದಗಳಲ್ಲಿ ಕಾಣುತ್ತದೆ.

ಬಾಂಗ್ಲಾದೇಶ ಸ್ವತಂತ್ರವಾದ ಕೂಡಲೇ ಕೈಗೊಂಡ ಕೆಲಸ ಈ ದೃಷ್ಟಿಯಿಂದ ಗಮನಾರ್ಹ. ರೆಡ್‌ಕ್ರಾಸ್ ನೆರವಿನಿಂದ ಹಳ್ಳಿ ಹಳ್ಳಿಗಳಲ್ಲಿ ಸ್ವಯಂಸೇವಕರನ್ನು ಸಜ್ಜುಗೊಳಿಸಲಾಯಿತು. ಅವರ ಕೈಯಲ್ಲಿದ್ದುದು ಮೆಗಾಫೋನು, ಕೈಯಿಂದ ತಿರುಗಿಸುವ ಸೈರನ್, ಬಾವುಟ. ಅಪಾಯ ಏರಿದಂತೆ ಬಾವುಟಗಳೂ ಒಂದು, ಎರಡು, ಮೂರು ಎಂದು ಏರುತ್ತವೆ. ಜನ ಮತ್ತು ಜಾನುವಾರು ಹತ್ತಿ ನಿಲ್ಲಲು ಎಬ್ಬಿಸಿದ ಮಣ್ಣಿನ ದಿಬ್ಬಗಳಿಗೆ 'ಮುಜಿಬ್ ಕಿಲ್ಲಾ' ಎಂಬ ಹೆಸರು ಬಂತು. ಬಂದರಿನ ಹತ್ತನೆಯ ಸಂಕೇತ 'ಮಹಾವಿಪತ್ತಿನ ಹತ್ತನೆಯ ನಂಬರು' ಆಗಿ ಬಂಗಾಳಿ ಆಡುಮಾತನ್ನು ಸೇರಿತು. ಹಾಗಿದ್ದೂ 1991ರ ಏಪ್ರಿಲ್ 29ರಂದು ಚಿತ್ತಗಾಂಗ್ ತೀರದಲ್ಲಿ 1,38,000 ಜನ ಮಡಿದರು. ಸತ್ತವರಲ್ಲಿ ಗಂಡಸರಿಗಿಂತ ಹೆಂಗಸರು ಹೆಚ್ಚು. ಮನೆಯ ಯಜಮಾನನ ಅನುಮತಿ ಇಲ್ಲದೆ ಹೊಸ್ತಿಲು ದಾಟಲಾಗದ ಹೆಣ್ಣಿಗೆ, ಪರಪುರುಷರು ತುಂಬಿದ ಆಶ್ರಯ ಕಟ್ಟಡಕ್ಕೆ ಕಾಲಿಡಲು ಹಿಂಜರಿದವಳಿಗೆ, ದನಕರು ಬಿಟ್ಟು ಹೋಗಲಾರದವಳಿಗೆ ಸಂಕೇತದ ಸಂಖ್ಯೆ ಏನು ಮಾಡೀತು? ಆ ಸ್ವಯಂಸೇವಕ ಪಡೆಯಲ್ಲಿ ಈಗ ಅರ್ಧದಷ್ಟು ಮಹಿಳೆಯರಿದ್ದಾರೆ. ಉಪಗ್ರಹಕ್ಕಿಂತ ಇದೇ ದೊಡ್ಡ ಬದಲಾವಣೆ ಎಂದರೆ ಅತಿಶಯೋಕ್ತಿಯಾಗಲಾರದು.

ಒರಿಸ್ಸಾದ ಕಥೆ ಎಲ್ಲರಿಗೂ ತಿಳಿದದ್ದೇ. 1999ರ ಅಕ್ಟೋಬರ್ 29ರ 'ಮಹಾಬಾತ್ಯಾ' ಸುಮಾರು 10,000 ಜನರನ್ನು ಬಲಿ ತೆಗೆದುಕೊಂಡಿತು. 2013ರಲ್ಲಿ ಫೈಲಿನ್ ಬಂದಾಗ ಹತ್ತು ಲಕ್ಷದಷ್ಟು ಜನರನ್ನು ಸ್ಥಳಾಂತರಿಸಲಾಯಿತು, ಸಾವು ಹತ್ತಾರಕ್ಕೆ ನಿಂತಿತು. ರಡಾರು, ಉಪಗ್ರಹಗಳ ಪಾಲು ಇದರಲ್ಲಿ ದೊಡ್ಡದು. ಆದರೆ ಆಶ್ರಯ ಕಟ್ಟಡಗಳಲ್ಲಿ ಅನೇಕವು ಉಳಿದ ದಿನಗಳಲ್ಲಿ ಶಾಲೆಗಳಾಗಿ ಬಳಕೆಯಲ್ಲಿದ್ದವು ಎಂಬುದನ್ನು ಮರೆಯಬಾರದು. ಮಕ್ಕಳು ದಿನವೂ ಹೋಗುವ ಕಟ್ಟಡಕ್ಕೆ ರಾತ್ರಿ ಹೊತ್ತು ಹೊರಡಲು ತಾಯಂದಿರು ಅಂಜುವುದಿಲ್ಲ. 2019ರ ಚಂಡಮಾರುತಕ್ಕೆ ಬಾಂಗ್ಲಾದೇಶ ಸೂಚಿಸಿದ್ದ ಹೆಸರು 'ಫಣಿ', ಹಾವಿನ ಹೆಡೆ. ಪಿಡಿಂಗ್ಟನ್ನನ ಸುರುಳಿ ಸುತ್ತಿದ ಹಾವು ನೂರ ಎಪ್ಪತ್ತೊಂದು ವರ್ಷಗಳ ಬಳಿಕ ಹೆಡೆಯೆತ್ತಿದ್ದು ಕಾಕತಾಳೀಯವಾದರೂ ಸ್ವಾರಸ್ಯಕರ.

ಪಶ್ಚಿಮ ತೀರದ ಸಮಸ್ಯೆ ಬೇರೆ. ಕರಾವಳಿ ಕರ್ನಾಟಕದ ಮೊಗವೀರರು ಮಳೆಗಾಲದಲ್ಲಿ ದೋಣಿಗಳನ್ನು ದಡಕ್ಕೆಳೆದು, ನೂಲ ಹುಣ್ಣಿಮೆಯಂದು ಕಡಲಿಗೆ ಹಾಲು, ತೆಂಗಿನಕಾಯಿ ಅರ್ಪಿಸಿ ಮರಳಿ ನೀರಿಗಿಳಿಯುವುದು ಹಳೆಯ ಕಟ್ಟಳೆ. ಸರ್ಕಾರದ ಜೂನ್-ಜುಲೈ ನಿಷೇಧವೂ ಬಹುಮಟ್ಟಿಗೆ ಈ ಪಂಚಾಂಗದ ಜಾಡಿನಲ್ಲಿದೆ. ಆದರೆ ಈ ಕಟ್ಟಳೆ ಕಾಯುವುದು ಮುಂಗಾರಿನ ಅಬ್ಬರದಿಂದ. ಅರಬ್ಬೀ ಸಮುದ್ರದ ಚಂಡಮಾರುತಗಳು ಹೆಚ್ಚಾಗಿ ಏಳುವುದು ಮುಂಗಾರಿನ ಮೊದಲು ಮತ್ತು ಅದು ಹಿಂದೆ ಸರಿದ ಮೇಲೆ, ಎಂದರೆ ದೋಣಿಗಳೆಲ್ಲ ಕಡಲಲ್ಲಿರುವಾಗ. 2019ರ ಅಕ್ಟೋಬರಿನಲ್ಲಿ ಕ್ಯಾರ್ ಎದ್ದಾಗ ಹೊರರಾಜ್ಯಗಳ ದೋಣಿಗಳೂ ಕಾರವಾರದಲ್ಲಿ ಆಶ್ರಯ ಪಡೆದವು. 2021ರ ಮೇ ತಿಂಗಳ ತೌಕ್ತೆಯಲ್ಲಿ ಮೂಲ್ಕಿ ಬಳಿಯ ಬಂಡೆಗಳಿಗೆ ಸಿಕ್ಕಿಕೊಂಡ ಟಗ್ ಒಂದರಿಂದ 9 ಮಂದಿಯನ್ನು ಪಾರುಮಾಡಬೇಕಾಯಿತು. ತೌಕ್ತೆ ಎಂದರೆ ಬರ್ಮೀ ಭಾಷೆಯಲ್ಲಿ ಗೌಳಿ. ಹಲ್ಲಿಯ ಲೊಚಗುಟ್ಟುವಿಕೆಯಲ್ಲಿ ಶಕುನ ಕೇಳುವ ನಾಡಿಗೆ ಈ ಹೆಸರು ಅಪರಿಚಿತವೆನಿಸದು.

2017ರ ನವೆಂಬರ್ ಕೊನೆಯ ಓಖಿ ಈ ಚರಿತ್ರೆಯ ಕಹಿಯಾದ ಪುಟ. ವಾಯುಭಾರ ಕುಸಿತವೊಂದು ಒಂದು ದಿನದೊಳಗೆ ಚಂಡಮಾರುತವಾಯಿತು. ಕನ್ಯಾಕುಮಾರಿ ಮತ್ತು ಕೇರಳದ ನೂರಾರು ಮೀನುಗಾರರು ಮರಳಿ ಬರಲಿಲ್ಲ. ಅವರಲ್ಲಿ ಅನೇಕರು ಎಚ್ಚರಿಕೆ ಹೊರಡುವ ಮೊದಲೇ ದಡ ಬಿಟ್ಟವರು. ಆ ಬಳಿಕ ಇಸ್ರೋ ರೂಪಿಸಿದ, ಉಪಗ್ರಹದ ಮೂಲಕ ಸಂದೇಶ ಪಡೆಯುವ ಸಾಧನಗಳು ದೋಣಿಗಳಿಗೆ ಬರತೊಡಗಿವೆ. ಆದರೆ 200 ಕಿಲೋಮೀಟರ್ ಹೊರಗಿರುವ ದೋಣಿ ಗಂಟೆಗೆ 15 ಕಿಲೋಮೀಟರ್ ವೇಗದಲ್ಲಿ ದಡ ಸೇರಲು ಹದಿಮೂರು ಗಂಟೆಗೂ ಮೀರಿ ಬೇಕು. ಡೀಸೆಲ್, ಮಂಜುಗಡ್ಡೆಗೆ ಸಾಲ ಮಾಡಿ ಹೊರಟ ದೋಣಿ ಬಲೆ ಬೀಸುವ ಮೊದಲೇ ತಿರುಗಬೇಕೆಂದರೆ ಆ ನಷ್ಟವನ್ನು ಹೊರುವವರು ಯಾರು ಎಂಬುದಕ್ಕೆ ಹನ್ನೊಂದು ಸಂಕೇತಗಳಲ್ಲಿ ಯಾವುದರಲ್ಲೂ ಉತ್ತರವಿಲ್ಲ.