ಶುಗರ್: ಮರಳಿನಿಂದ ಮಾಧುರ್ಯಕ್ಕೆ

ಆಂಗ್ಲಭಾಷೆಯ ‘ಶುಗರ್’ ಎಂಬ ಪದವು ಸಂಸ್ಕೃತದ ‘ಶರ್ಕರಾ’ ಶಬ್ದದಿಂದ ಹೊರಟು, ಪಾರಸಿಯಲ್ಲಿ ‘ಶಕರ್’, ಅರಬ್ಬಿಯಲ್ಲಿ ‘ಸುಕ್ಕರ್’ ಎನಿಸಿ, ಮಧ್ಯಯುಗದ ಲ್ಯಾಟಿನ್ನನ್ನೂ ಪ್ರಾಚೀನ ಫ್ರೆಂಚನ್ನೂ ಹಾದು, 13ನೆಯ ಶತಮಾನದ ಕೊನೆಯ ವೇಳೆಗೆ ಇಂಗ್ಲೆಂಡನ್ನು ಮುಟ್ಟಿತು. ಮೂಲದಲ್ಲಿ ಶರ್ಕರೆಯೆಂದರೆ ಸಿಹಿಯಲ್ಲ; ಹರಳುಗಲ್ಲು, ಒರಟು ಮರಳು. ಕಬ್ಬಿನ ರಸವನ್ನು ಕುದಿಸಿ ಆರಲು ಬಿಟ್ಟಾಗ ಪಾಕದೊಳಗೆ ಹರಳುಗಟ್ಟಿ, ಬೆರಳ ನಡುವೆ ತಿಕ್ಕಿದರೆ ಗರಗರನೆ ತಾಗುವ ಕಣಗಳಿಗೆ ಆ ಹೆಸರೇ ಸಂದಿತು. ಆಯುರ್ವೇದವು ಮೂತ್ರಮಾರ್ಗದ ಸಣ್ಣ ಹರಳುಗಳನ್ನೂ ಶರ್ಕರೆಯೆಂದೇ ಕರೆಯುವುದರಲ್ಲಿ ಆ ಪೂರ್ವಾರ್ಥವು ಅಚ್ಚಳಿಯದೆ ಉಳಿದಿದೆ. ಪ್ರಾಕೃತದ ‘ಸಕ್ಕರಾ’ ರೂಪವನ್ನು ಅಂಗೀಕರಿಸಿದ ನಮ್ಮ ಸಕ್ಕರೆಯಂತೂ ಶುಗರಿಗೆ ದಾಯಾದಿಯೇ ಸರಿ. ಗ್ರೀಕರ ‘ಸಾಖರೋನ್’ ಇದೇ ವಂಶದ ಮತ್ತೊಂದು ಕವಲು. ಕಬ್ಬಿನ ಸೋಂಕೇ ಇಲ್ಲದೆ ರಸಾಯನಶಾಲೆಯಲ್ಲಿ ಜನಿಸಿದ ಸ್ಯಾಕರಿನ್ನು ತನ್ನ ನಾಮಧೇಯವನ್ನು ಪಡೆದದ್ದು ಆ ಕವಲಿನಿಂದ.