ಎಣಿಕೆಗೆ ಸಿಗದ ಕೇಳುಗ: ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯಲ್ಲಿ ಶಾಸ್ತ್ರೀಯ ಸಂಗೀತದ ಬಾನುಲಿ

ಹಳೆಯ ಟ್ರಾನ್ಸಿಸ್ಟರಿನ ಮಧ್ಯಮ ತರಂಗದ ಪಟ್ಟಿಯ ಮೇಲೆ ಹೈದರಾಬಾದ್ 738 ಕಿಲೋಹರ್ಟ್ಸ್, ಧಾರವಾಡ 765. ಎರಡರ ನಡುವೆ ಒಂದು ಭತ್ತದ ಕಾಳಿನಷ್ಟು ಜಾಗ. ಸಿಂಧನೂರಿನ ಗದ್ದೆಯ ಪಂಪ್‌ಸೆಟ್ ಕೋಣೆಯಲ್ಲಿ ಹೊತ್ತು ಮುಳುಗಿದ ಮೇಲೆ ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸಿದರೆ ಪಿಟೀಲಿನ ಕರ್ನಾಟಕ ಕೀರ್ತನೆ ಹಿಂದೆ ಸರಿಯುತ್ತಿತ್ತು, ಗರಗರ ಸದ್ದಿನ ನಡುವಿನಿಂದ ಖಯಾಲಿನ ವಿಲಂಬಿತ ಲಯ ಮೇಲೆದ್ದು ಬರುತ್ತಿತ್ತು. ಶಾಸ್ತ್ರೀಯ ಸಂಗೀತದ ಬಾನುಲಿ ಕೇಂದ್ರಗಳ ಪೈಪೋಟಿ ಈ ಸೀಮೆಯಲ್ಲಿ ನಡೆದದ್ದು ಹೀಗೆ, ಕೇಳುಗನ ಹೆಬ್ಬೆರಳಿನ ಕೆಳಗೆ. ಆ ಹೆಬ್ಬೆರಳು ಯಾವ ಕಡೆ ಎಷ್ಟು ಹೊತ್ತು ನಿಂತಿತು ಎಂಬುದನ್ನು ಹಿಡಿಯುವಂತೆ ನಮ್ಮ ಯಾವ ಶ್ರೋತೃಗಣತಿಯೂ ರೂಪುಗೊಂಡಿಲ್ಲ. ಸಂಖ್ಯೆ ಇಲ್ಲದ ಕಡೆ ಕೇಳುಗರೇ ಇಲ್ಲವೆಂದು ತೀರ್ಮಾನಿಸುವ ವಾಡಿಕೆ ತಪ್ಪು ಎಂಬುದು ಈ ಲೇಖನದ ವಾದ.

ಮೊದಲು ಇತಿಹಾಸದ ಎರಡು ಮಾತು. 1956ರ ನವೆಂಬರ್ 1ರವರೆಗೆ ಈ ಮೂರು ಊರುಗಳಿರುವ ರಾಯಚೂರು ಜಿಲ್ಲೆ ಮೊದಲು ಹೈದರಾಬಾದ್ ಸಂಸ್ಥಾನದ, ಬಳಿಕ ಅದೇ ಹೆಸರಿನ ರಾಜ್ಯದ ಭಾಗ. 1930ರ ದಶಕದಲ್ಲಿ ಖಾಸಗಿಯಾಗಿ ಆರಂಭವಾಗಿ 1935ರಲ್ಲಿ ನಿಜಾಮ್ ಸರ್ಕಾರದ ಕೈಗೆ ಬಂದ ಹೈದರಾಬಾದಿನ ಬಾನುಲಿ ಈ ಭಾಗದ ಮೊದಲ ಬಾನುಲಿ. ಧಾರವಾಡ ಕೇಂದ್ರ 1950ರ ಜನವರಿ 8ರಂದು ಶುರುವಾಯಿತು, ಆಗ ಅದು ಮುಂಬಯಿ ಪ್ರಾಂತ್ಯದ ಊರು. ಕಲಬುರಗಿಗೆ ಆಕಾಶವಾಣಿ ಬಂದದ್ದು 1966ರ ನವೆಂಬರ್ 11ರಂದು. ಏಕೀಕರಣವಾಗಿ ಹತ್ತು ವರ್ಷಗಳ ಕಾಲ ಕಲ್ಯಾಣ ಕರ್ನಾಟಕಕ್ಕೆ ತನ್ನದೇ ಕನ್ನಡ ಕೇಂದ್ರ ಇರಲಿಲ್ಲ. ಹೀಗಾಗಿ ಲಿಂಗಸುಗೂರಿನ ಕೇಳುಗ ಒಂದು ಕಿವಿಯನ್ನು ಧಾರವಾಡದ ಕಡೆಗೂ ಇನ್ನೊಂದನ್ನು ಹೈದರಾಬಾದಿನ ಕಡೆಗೂ ಇಟ್ಟವನು. ಮಲ್ಲಿಕಾರ್ಜುನ ಮನಸೂರರು ಸಂಗೀತ ಸಲಹೆಗಾರರಾಗಿದ್ದ ಧಾರವಾಡ ಕೇಂದ್ರ ಅವನಿಗೆ ಹಿಂದೂಸ್ತಾನಿ ಗಾಯನವನ್ನು ಕನ್ನಡದ ಉದ್ಘೋಷಣೆಯೊಂದಿಗೆ ಕೊಟ್ಟಿತು.

ಆಗಿನ ಎಣಿಕೆ ಎಂದರೆ ಅಂಚೆ ಕಚೇರಿಯಲ್ಲಿ ಕೊಡುತ್ತಿದ್ದ ರೇಡಿಯೊ ಲೈಸೆನ್ಸ್. 1980ರ ದಶಕದಲ್ಲಿ ರದ್ದಾದ ಈ ಪದ್ಧತಿ ಪೆಟ್ಟಿಗೆಗಳನ್ನು ಎಣಿಸಿತೇ ಹೊರತು ಕಿವಿಗಳನ್ನಲ್ಲ. ಊರಿಗೊಂದು ಪಂಚಾಯಿತಿ ರೇಡಿಯೊ ಇದ್ದಲ್ಲಿ ಲೈಸೆನ್ಸ್ ಒಂದು, ಕಟ್ಟೆಯ ಮೇಲೆ ಕುಳಿತವರು ಐವತ್ತು. ಎರಡನೆಯ ಅಳತೆ ಕೇಳುಗರ ಪತ್ರ. 1952ರಿಂದ 1962ರವರೆಗೆ ವಾರ್ತಾ ಮಂತ್ರಿಯಾಗಿದ್ದ ಬಿ.ವಿ. ಕೇಸ್ಕರ್ ಚಿತ್ರಗೀತೆಗಳನ್ನು ಹಿಂದೆ ಸರಿಸಿ ರಾಗಸಂಗೀತಕ್ಕೆ ಹೊತ್ತು ಕೊಟ್ಟರು. 1952ರ ಜುಲೈಯಲ್ಲಿ ಸಂಗೀತದ ರಾಷ್ಟ್ರೀಯ ಕಾರ್ಯಕ್ರಮ ಆರಂಭವಾಯಿತು. ಅದೇ ವರ್ಷ ರೇಡಿಯೊ ಸಿಲೋನ್ 'ಬಿನಾಕಾ ಗೀತಮಾಲಾ' ಶುರುಮಾಡಿತು, ಪತ್ರಗಳ ರಾಶಿ ಅತ್ತ ಹೋಯಿತು. 1957ರ ಅಕ್ಟೋಬರ್ 3ರಂದು ವಿವಿಧ ಭಾರತಿ ಹುಟ್ಟಿದ್ದು ಆ ಸ್ಪರ್ಧೆಗೆ ಕೊಟ್ಟ ಉತ್ತರ. ಇಲ್ಲಿ ಒಂದು ಮಾತು ಗಮನಿಸಬೇಕು. ಕೋರಿಕೆಯ ಕಾರ್ಯಕ್ರಮಕ್ಕೆ ಜನ ಪತ್ರ ಬರೆಯುತ್ತಾರೆ, ಏಕೆಂದರೆ ತಮ್ಮ ಹೆಸರು ಓದಿಸಿಕೊಳ್ಳಬಹುದು. ಬೆಳಗಿನ ಭೈರವ ಕೇಳಿದವರಿಗೆ ಕಾರ್ಡು ಬರೆಯುವ ಪ್ರಮೇಯವೇ ಇಲ್ಲ. ಪತ್ರದ ಲೆಕ್ಕ ಸಿನಿಮಾ ಹಾಡಿನ ಕಡೆಗೆ ವಾಲುವುದು ಅದರ ಹುಟ್ಟುಗುಣ.

ಆಮೇಲಿನ ಅಳತೆಗೋಲುಗಳು ಇದಕ್ಕಿಂತ ಮೇಲೇ? ಖಾಸಗಿ ಎಫ್‌ಎಂಗಾಗಿ 2007ರಲ್ಲಿ ಬಂದ 'ರೇಡಿಯೊ ಆಡಿಯನ್ಸ್ ಮೆಷರ್‌ಮೆಂಟ್' ಮುಂಬಯಿ, ದೆಹಲಿ, ಕೋಲ್ಕತ್ತ, ಬೆಂಗಳೂರು ಎಂಬ ನಾಲ್ಕು ನಗರಗಳನ್ನು ಹಿಡಿಯಿತು. ನಗರಕ್ಕೆ 480 ಜನ, ಹನ್ನೆರಡು ವರ್ಷ ಮೀರಿದವರು, ಕೈಯಲ್ಲಿ ದಿನಚರಿ. ಶಾಸ್ತ್ರೀಯ ಸಂಗೀತ ಕೇಳುವವರು ಶೇಕಡ 1 ಎಂದುಕೊಳ್ಳೋಣ. 480 ಜನರಲ್ಲಿ ಅವರು ಐದು ಮಂದಿ. ಮಾದರಿಯ ಸಹಜ ದೋಷ ಶೇಕಡ 0.9ರಷ್ಟು, ಅಂದರೆ ನಿಜವಾದ ಪ್ರಮಾಣ ಹೆಚ್ಚು ಕಡಿಮೆ ಸೊನ್ನೆಯೂ ಇರಬಹುದು, ಶೇಕಡ ಎರಡರ ಹತ್ತಿರವೂ ಇರಬಹುದು. ಬೆಂಗಳೂರಿನಲ್ಲಿ 100.1 ಮೆಗಾಹರ್ಟ್ಸ್‌ನಲ್ಲಿ ಬಂದ ಆಕಾಶವಾಣಿಯ ಶಾಸ್ತ್ರೀಯ ವಾಹಿನಿ 'ಅಮೃತವರ್ಷಿಣಿ'ಯಂಥದ್ದರ ಹಣೆಬರಹವನ್ನು ಇಂಥ ಅಂಕಿಯಿಂದ ನಿರ್ಧರಿಸಲಾಗದು. ಬೆಂಗಳೂರಿಗೇ ಸಾಲದ ಈ ಜರಡಿಯಲ್ಲಿ ಮಸ್ಕಿಯ ಮಾತೇ ಬರುವುದಿಲ್ಲ.

ಬೇರೆಡೆ ಹೀಗಿಲ್ಲ. ಬ್ರಿಟನ್ನಿನಲ್ಲಿ 1992ರಲ್ಲಿ ಖಾಸಗಿ 'ಕ್ಲಾಸಿಕ್ ಎಫ್‌ಎಂ' ಶುರುವಾದ ವರ್ಷವೇ ಬಿಬಿಸಿ ಮತ್ತು ಖಾಸಗಿ ಕೇಂದ್ರಗಳು ಸೇರಿ 'ರಜಾರ್' ಎಂಬ ಒಂದೇ ಗಣತಿ ಕಟ್ಟಿಕೊಂಡವು. ಬಿಬಿಸಿಯ ರೇಡಿಯೊ 3ಕ್ಕೆ ವಾರಕ್ಕೆ ಸುಮಾರು 20 ಲಕ್ಷ, ಕ್ಲಾಸಿಕ್ ಎಫ್‌ಎಂಗೆ ಅದರ ಎರಡರಷ್ಟು ಕೇಳುಗರು ಎಂದು ಅಲ್ಲಿ ಧೈರ್ಯವಾಗಿ ಹೇಳಬಹುದು. ನಮ್ಮಲ್ಲಿ ಆಕಾಶವಾಣಿಯ ಶ್ರೋತೃ ಸಂಶೋಧನೆ ಒಂದು ಕಡೆ, ಖಾಸಗಿಯವರ ದಿನಚರಿ ಇನ್ನೊಂದು ಕಡೆ. ಎರಡು ತಕ್ಕಡಿಗಳಲ್ಲಿ ತೂಗಿದ ಕಾಳಿಗೆ ಹೋಲಿಕೆ ಹೇಗೆ?

ಜನಗಣತಿಯಲ್ಲಿ ಒಂದು ಆಧಾರವಿದೆ. ಮನೆಯಲ್ಲಿ ರೇಡಿಯೊ ಇದೆ ಎಂದ ಕುಟುಂಬಗಳು ದೇಶದಲ್ಲಿ 2001ರಲ್ಲಿ ಶೇಕಡ 35.1, 2011ರಲ್ಲಿ ಶೇಕಡ 19.9. ಇಳಿತ ನಿಜ. ಆದರೆ ಈ ಸೀಮೆಗೆ ಅದನ್ನು ಅನ್ವಯಿಸಲು ಹೊರಟರೆ ಮೊದಲು ಎಡವುವುದು ಮಸ್ಕಿಯಲ್ಲೇ. 2011ರಲ್ಲಿ ಮಸ್ಕಿ ತಾಲೂಕೇ ಇರಲಿಲ್ಲ. ಅದರ ಹಳ್ಳಿಗಳು ಲಿಂಗಸುಗೂರು, ಸಿಂಧನೂರು, ಮಾನ್ವಿಗಳ ಲೆಕ್ಕದಲ್ಲಿ ಹಂಚಿಹೋಗಿವೆ.

ಇನ್ನು ತರಂಗದ ಮಾತು. ಎಫ್‌ಎಂ ಹೆಚ್ಚುಕಡಿಮೆ ಕಣ್ಣಳತೆಯ ದಾರಿಯಲ್ಲೇ ಸಾಗುತ್ತದೆ. 100 ಮೀಟರ್ ಗೋಪುರ, ಮಾಳಿಗೆಯ ಮೇಲೆ 10 ಮೀಟರ್ ಎತ್ತರದ ಆಂಟೆನಾ ಎಂದಿಟ್ಟುಕೊಂಡರೂ ದಿಗಂತ 54 ಕಿಲೋಮೀಟರಿಗೆ ಮುಗಿಯುತ್ತದೆ. ಎಫ್‌ಎಂ ಕೇಂದ್ರಗಳಿರುವ ಊರುಗಳಲ್ಲಿ ರಾಯಚೂರು ಸಿಂಧನೂರಿನಿಂದ ನೇರ ರೇಖೆಯಲ್ಲಿ ಸುಮಾರು 80 ಕಿಲೋಮೀಟರ್, ಹೊಸಪೇಟೆ 70ರ ಹತ್ತಿರ. ಲಿಂಗಸುಗೂರು ಎರಡಕ್ಕೂ ಇನ್ನೂ ದೂರ. ಅಮೃತವರ್ಷಿಣಿಯ ಬೆಂಗಳೂರು 300 ಕಿಲೋಮೀಟರಿನಾಚೆ. ಮೂರೂ ತಾಲೂಕುಗಳು ಹೀಗೆ ಎಫ್‌ಎಂ ಕೇಂದ್ರಗಳ ಅಂಚಿನಲ್ಲಿ ಬೀಳುತ್ತವೆ. 190 ಕಿಲೋಮೀಟರ್ ದೂರದ ಧಾರವಾಡದ ಮಧ್ಯಮ ತರಂಗ ಇಲ್ಲಿ ಆಸರೆಯಾದದ್ದು ಇದರಿಂದ. ಉಪಗ್ರಹದ ಮೂಲಕ 'ಶ್ರುತಿ', 'ಗಾಂಧರ್ವ್' ಎಂಬ ಎರಡು ಶಾಸ್ತ್ರೀಯ ವಾಹಿನಿ ಕೊಟ್ಟ ವರ್ಲ್ಡ್‌ಸ್ಪೇಸ್ 2009ರ ಡಿಸೆಂಬರ್ 31ಕ್ಕೆ ನಿಂತುಹೋಯಿತು. 2016ರ ಜನವರಿಯಲ್ಲಿ ಆಕಾಶವಾಣಿ ಆರಂಭಿಸಿದ 'ರಾಗಂ' ದಿನವಿಡೀ ಶಾಸ್ತ್ರೀಯ ಸಂಗೀತ ಕೊಡುತ್ತದೆ; ಅದು ಈಗ ಡಿಶ್ಶಿನಲ್ಲೂ ಮೊಬೈಲಿನಲ್ಲೂ ಸಿಗುತ್ತದೆ. 'ರೇಡಿಯೊ ಇದೆಯೇ' ಎಂದು ಕೇಳಿದರೆ 'ಇಲ್ಲರಿ' ಎನ್ನುವ ಮನೆಯಲ್ಲೇ ಅದು ಹಾಡುತ್ತಿರಬಹುದು.

ಎಲ್ಲಕ್ಕಿಂತ ದೊಡ್ಡ ತೊಡಕು ಪ್ರಶ್ನೆಯ ಮಾತಿನಲ್ಲೇ ಇದೆ. 'ನೀವು ಶಾಸ್ತ್ರೀಯ ಸಂಗೀತ ಕೇಳುತ್ತೀರಾ' ಎಂದರೆ ಈ ಸೀಮೆಯ ಬಹುಪಾಲು ಜನ ತಲೆಯಲ್ಲಾಡಿಸುತ್ತಾರೆ. ಆದರೆ ಸಿದ್ಧರಾಮ ಜಂಬಲದಿನ್ನಿಯವರ ವಚನ ಗಾಯನ ಕೇಳಿದ್ದೀರಾ ಎಂದು ವಿಚಾರಿಸಿ. ಜಂಬಲದಿನ್ನಿ ಇದೇ ರಾಯಚೂರು ಜಿಲ್ಲೆಯ ಊರು; ಅವರ ಹೆಸರಿನ ರಂಗಮಂದಿರ ರಾಯಚೂರಿನಲ್ಲಿದೆ. ಹಿಂದೂಸ್ತಾನಿ ರಾಗಗಳಲ್ಲಿ ವಚನವನ್ನು ವಿಸ್ತರಿಸಿದ ಆ ಕಂಠಕ್ಕೆ ಕಿವಿಗೊಟ್ಟವರು ರಾಗವನ್ನೇ ಕೇಳಿದವರು, ಅದಕ್ಕೆ ಅವರು ಇಟ್ಟ ಹೆಸರು ಮಾತ್ರ ಬೇರೆ. ಲಿಂಗಸುಗೂರು ಪ್ರಾಣೇಶದಾಸರ ಊರು, ವಚನಕಾರ್ತಿ ಆಯ್ದಕ್ಕಿ ಲಕ್ಕಮ್ಮನ ಅಮರೇಶ್ವರ ಇದೇ ತಾಲೂಕಿನಲ್ಲಿದೆ. ದಾಸರ ಪದ, ವಚನ, ತತ್ವಪದಗಳು ಭಜನೆಯ ತಾಳದಿಂದ ಬಾನುಲಿಯ ತಂಬೂರಿಗೆ ಸಲೀಸಾಗಿ ಹೋಗಿಬರುವ ಸೀಮೆ ಇದು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಬೆಳೆಸಿದ ಪರಂಪರೆಯ ಗಾಯಕರು ಜಾತ್ರೆಯಲ್ಲೂ ಹಾಡಿದರು, ಆಕಾಶವಾಣಿಯಲ್ಲೂ ಹಾಡಿದರು. ಸಮೀಕ್ಷೆಯ ನಮೂನೆಯಲ್ಲಿ ಶಾಸ್ತ್ರೀಯ, ಭಕ್ತಿ, ಜಾನಪದ ಎಂದು ಮೂರು ಚೌಕ ಬಿಡಿಸಿದ ಕೂಡಲೇ ಈ ಒಬ್ಬ ಕೇಳುಗ ಮೂರು ತುಂಡಾಗುತ್ತಾನೆ.

ಭಾಷೆಯೂ ಒಂದೇ ಇಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹಿಂಬಾಲಿಸಿ ಬಂದ ಕರಾವಳಿ ಆಂಧ್ರದ ರೈತರ ಕ್ಯಾಂಪುಗಳು ಸಿಂಧನೂರಿನಲ್ಲಿವೆ. ಪೂರ್ವ ಬಂಗಾಳದಿಂದ ಬಂದವರ ಆರ್.ಎಚ್. (ಪುನರ್ವಸತಿ) ಕ್ಯಾಂಪುಗಳಲ್ಲಿ ಬಂಗಾಳಿ ಮನೆಮಾತು. ದುಡಿಮೆಯ ಹೊತ್ತೂ ಒಂದೇ ಅಲ್ಲ. ಹಟ್ಟಿಯ ಚಿನ್ನದ ಗಣಿಯಲ್ಲಿ ಪಾಳಿಯ ದುಡಿಮೆ. ಭತ್ತ ನಾಟಿಯ ವಾರದಲ್ಲಿ ಬೆಳಗಿನ ಆರು ಗಂಟೆಗೆ ಮನೆಯಲ್ಲಿ ಯಾರಿರುತ್ತಾರೆ? ರಾತ್ರಿ ಪಾಳಿ ಮುಗಿಸಿದ ಗಣಿ ಕಾರ್ಮಿಕನಿಗೆ ಬೆಳಗಿನ ರಾಗವೇ ಜೋಗುಳ. ನಗರದ ಕಚೇರಿ ವೇಳೆಗೆ ಹೊಲಿದ ದಿನಚರಿ ಇವರ ಮೈಗೆ ಹೊಂದದು.

ಪರಿಹಾರ ದುಬಾರಿಯೇನಲ್ಲ. ಕೇಳುಗರು ಶೇಕಡ 5 ಎಂದಿಟ್ಟುಕೊಂಡು ಶೇಕಡ 1ರ ದೋಷದೊಳಗೆ ಅಳೆಯಲು ಸುಮಾರು 1,800 ಜನ ಸಾಕು, ತಾಲೂಕಿಗೆ 600. ಹಳ್ಳಿಗಳನ್ನು ಗುಂಪಾಗಿ ಆರಿಸಿದರೆ ಇನ್ನಷ್ಟು ಬೇಕಾದೀತು. ನಾಟಿಗೊಮ್ಮೆ, ಸುಗ್ಗಿಗೊಮ್ಮೆ, ಬೇಸಿಗೆಗೊಮ್ಮೆ ಕೇಳಬೇಕು. ವಾಹಿನಿಯ ಹೆಸರು ಕೇಳುವ ಬದಲು ಅರ್ಧ ನಿಮಿಷದ ಧ್ವನಿ ತುಣುಕು ಕೇಳಿಸಿ 'ಇಂಥದ್ದನ್ನು ಎಲ್ಲಿ, ಯಾವಾಗ ಕೇಳಿದಿರಿ' ಎನ್ನಬೇಕು. ಕನ್ನಡ, ತೆಲುಗು, ಉರ್ದು, ಬಂಗಾಳಿಯಲ್ಲಿ ಕೇಳಬೇಕು. ರಾಯಚೂರಿನ ವಿಶ್ವವಿದ್ಯಾಲಯ ಮತ್ತು ಹಂಪಿಯ ಕನ್ನಡ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಒಂದು ವರ್ಷದಲ್ಲಿ ಮಾಡಬಹುದಾದ ಕೆಲಸವಿದು. ಅಷ್ಟರೊಳಗೆ ಈ ಮೂರು ತಾಲೂಕಿನ ಮನೆಗಳಲ್ಲಿ ಹಳೆಯ ರೇಡಿಯೊ ಲೈಸೆನ್ಸ್ ಪುಸ್ತಕ, ಆಕಾಶವಾಣಿಯಿಂದ ಬಂದ ಕಾರ್ಡು, ಹಾಡು ಬರೆದಿಟ್ಟ ನೋಟ್‌ಬುಕ್ಕು ಉಳಿದಿದ್ದರೆ ಅವನ್ನು ರದ್ದಿಗೆ ಹಾಕಬೇಡಿ. ಹತ್ತಿರದ ಕಾಲೇಜಿನ ಗ್ರಂಥಾಲಯಕ್ಕೆ ತಲುಪಿಸಿ.